ಹಬ್ಬದ ಹೋಳಿಗೆ, ಆಕಳ ಹೊಟ್ಟೆ

ತಿಂಗಳಿಗೊಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳಲು ನನ್ನ ದವಾಖಾನೆಗೆ ಬರುವ ತಾಯಿಯೊಬ್ಬರಿದ್ದಾರೆ. ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯವರು. ಗುಳಿಗೆ ತಪ್ಪಿಸುವವರಲ್ಲ. ಉಪ್ಪು ಕಡಿಮೆ ಮಾಡಿ ಎಂದರೆ ಉಪ್ಪಿನಕಾಯಿ ಭರಣಿಯನ್ನೇ ಸೊಸೆಯ ಸುಪರ್ದಿಗೆ ಕೊಟ್ಟವರು. ಕಳೆದ ವರ್ಷ ಒಂದು ದಿನ ಅವರ ಒತ್ತಡ ೧೮೦ಕ್ಕೆ ಏರಿತ್ತು. ಏನಾಯಿತೆಂದು ಕೇಳಿದೆ.

"ಗುಳಿಗಿ ತಪ್ಪಿಸಿಲ್ರಿ ಸಾಹೇಬ್ರ. ನಿದ್ದಿನ ಹತ್ತವಲ್ದು. ನಮ್ಮ ಆಕಳ ಸತ್ತು ಹೋತ್ರಿ."

ಮನೆಯಲ್ಲಿ ಮಗಳ ಮದುವೆಯಾಗಿತ್ತು. ಊಟ ಮುಗಿದ ಮೇಲೆ ಅನ್ನ, ಬುಂದಿ, ಗೋಧಿ ಹುಗ್ಗಿ ಸಾಕಷ್ಟು ಉಳಿದವು. ಊರ ಮಂದಿಯೆಲ್ಲ ಉಂಡು ಹೋದರು, ಮನೆಯ ಗೌರಿ ಉಣ್ಣಬಾರದೇ ಎಂದು ಎರಡು ಬುಟ್ಟಿ ಗೋದಲಿಗೆ ಸುರಿದರು. ಗೌರಿ ಖುಷಿಯಿಂದ ತಿಂದಿತು. ಮರುದಿನ ಮೇವು ಮುಟ್ಟಲಿಲ್ಲ, ಮೆಲುಕು ಹಾಕಲಿಲ್ಲ, ನಿಂತಲ್ಲೇ ನಿಂತಿತು. ಮೂರನೆಯ ದಿನ ಮಲಗಿದ್ದು ಏಳಲಿಲ್ಲ. ದಿನಕ್ಕೆ ಎಂಟು ಲೀಟರ್ ಹಾಲು ಕೊಡುತ್ತಿದ್ದ ಆಕಳು. ಕಿರಿಯ ಮಗನ ಹಾಸ್ಟೆಲ್ ಖರ್ಚು ಅದರ ಹಾಲಿನಲ್ಲೇ ನಡೆಯುತ್ತಿತ್ತು. ಅದನ್ನು ತಂದ ಸಾಲ ಇನ್ನೂ ಅರ್ಧ ತೀರಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಆ ತಾಯಿ ಕೇಳಿದರು: "ಮದುವಿಗೆ ಬಂದ ಮಂದಿ ದೃಷ್ಟಿ ಆತೇನ್ರಿ?"

ದೃಷ್ಟಿಯಲ್ಲ. ಅನ್ನ. ಆದರೆ ಅದನ್ನು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಕಾರಣ, ಹದಿನೈದು ವರ್ಷಗಳ ಹಿಂದೆ ನಾನೇ ಒಂದು ಆಕಳಿಗೆ ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೆ. ಆಗಷ್ಟೇ ಹಾವೇರಿ ಹತ್ತಿರದ ಹಳ್ಳಿಯಲ್ಲಿ ದವಾಖಾನೆ ತೆರೆದಿದ್ದೆ. ಪಕ್ಕದ ಮನೆಯ ಯಜಮಾನರು ರಾತ್ರಿ ಬಂದು, ಜೋಳದ ಚೀಲ ಬಿಚ್ಚಿಕೊಂಡು ತಿಂದ ಆಕಳಿಗೆ ಭೇದಿಯಾಗುತ್ತಿದೆ, ಕಣ್ಣು ಒಳಗೆ ಹೋಗಿವೆ, ಏನು ಮಾಡಲಿ ಎಂದರು. ಭೇದಿ, ಗುಳಿ ಬಿದ್ದ ಕಣ್ಣು ಎಂದರೆ ನನ್ನ ಓದಿನ ಪ್ರಕಾರ ನಿರ್ಜಲೀಕರಣ. ಮಕ್ಕಳಿಗೆ ಹೇಳುವಂತೆಯೇ, ಅಕ್ಕಿ ಗಂಜಿ ಮಾಡಿ ಉಪ್ಪು, ಸಕ್ಕರೆ ಬೆರೆಸಿ ಕುಡಿಸಿ ಎಂದೆ. ಅವರು ಡಾಕ್ಟರ ಮಾತೆಂದು ಒಂದು ಕೊಳಗ ಗಂಜಿಯನ್ನು ಗೊಟ್ಟದಲ್ಲಿ ಹೊಯ್ದರು. ಬೆಳಗಾಗುವುದರೊಳಗೆ ಆಕಳು ಸತ್ತಿತು. ಪಶುವೈದ್ಯ ಮಿತ್ರರೊಬ್ಬರು ಆಮೇಲೆ ನನಗೆ ಹೇಳಿದ ಮಾತು ಇಷ್ಟೇ: "ಬೆಂಕಿ ಹತ್ತಿದ ಬಣವೆಗೆ ಎಣ್ಣೆ ಹೊಯ್ದಿರಿ."

ನಾನು ಮನುಷ್ಯರ ವೈದ್ಯ, ಪಶುವೈದ್ಯನಲ್ಲ. ಅಂದಿನಿಂದ ಆ ಮಿತ್ರರನ್ನು ಕಾಡಿ, ಬೇಡಿ, ಅವರ ಪುಸ್ತಕ ತಿರುವಿಹಾಕಿ ಕಲಿತದ್ದರಲ್ಲಿ ಒಂದಿಷ್ಟನ್ನು ಈ ವಾರ ಹೇಳುತ್ತೇನೆ. ಆರೋಗ್ಯದ ಅಂಕಣದಲ್ಲಿ ದನದ ಸುದ್ದಿ ಏಕೆ ಎನ್ನಬೇಡಿ. ನಮ್ಮ ಜಿಲ್ಲೆಯಲ್ಲಿ ದನ ಸತ್ತ ಮನೆಯಲ್ಲಿ ಮನುಷ್ಯರ ಆರೋಗ್ಯ ಉಳಿಯುವುದಿಲ್ಲ ಎಂಬುದನ್ನು ನಾನು ದಿನವೂ ನೋಡುತ್ತೇನೆ.

ಹೊಟ್ಟೆಯೊಳಗಿನ ಹಗೇವು

ನಮ್ಮ ಹೊಟ್ಟೆ ಒಂದು ಚೀಲ. ಅಲ್ಲಿ ಜಠರಾಮ್ಲ ಸುರಿಯುತ್ತದೆ, ಆಹಾರ ಕರಗುತ್ತದೆ, ಮುಂದೆ ಹೋಗುತ್ತದೆ. ಆಕಳು, ಎಮ್ಮೆ, ಕುರಿ, ಆಡುಗಳ ಹೊಟ್ಟೆಗೆ ನಾಲ್ಕು ಕೋಣೆಗಳು. ನಮ್ಮ ಹೊಟ್ಟೆಯನ್ನು ಹೋಲುವುದು ಕೊನೆಯ ಕೋಣೆ ಮಾತ್ರ. ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ಪಶುವೈದ್ಯರು ಅದನ್ನು ರೂಮೆನ್ ಎನ್ನುತ್ತಾರೆ, ನಾವು ದೊಡ್ಡ ಹೊಟ್ಟೆ ಎನ್ನೋಣ. ದೊಡ್ಡ ಜಾತಿಯ ಆಕಳಲ್ಲಿ ಅದು ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಹಿಂದಿನವರು ಜೋಳ ತುಂಬುತ್ತಿದ್ದ ಹಗೇವು ನೆನಪಿಸಿಕೊಳ್ಳಿ. ಆದರೆ ಈ ಹಗೇವು ಖಾಲಿ ಕೂರುವುದಿಲ್ಲ. ಅದರಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಹಗಲೂ ರಾತ್ರಿ ದುಡಿಯುತ್ತವೆ.

ಕಣಿಕೆ, ಹುಲ್ಲುಗಳಲ್ಲಿರುವ ನಾರನ್ನು ಕರಗಿಸುವ ಶಕ್ತಿ ನಮಗೂ ಇಲ್ಲ, ಆಕಳಿಗೂ ಇಲ್ಲ. ಆ ಕೆಲಸ ಈ ಸೂಕ್ಷ್ಮಜೀವಿಗಳದು. ಅವು ನಾರನ್ನು ಹುದುಗಿಸಿ ಸೌಮ್ಯವಾದ ಆಮ್ಲಗಳನ್ನು ಮಾಡುತ್ತವೆ. ಮುಖ್ಯವಾದದ್ದು ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲವೇ. ಅದು ರಕ್ತಕ್ಕೆ ಸೇರಿ ಆಕಳಿಗೆ ಶಕ್ತಿ ಕೊಡುತ್ತದೆ, ಕೆಚ್ಚಲಿಗೆ ಹೋಗಿ ಹಾಲಿನ ಜಿಡ್ಡಾಗುತ್ತದೆ. ಹಿಂಡಿ ಹೆಚ್ಚಿಸಿ ಕಣಿಕೆ ಕಡಿಮೆ ಮಾಡಿದವರ ಹಾಲಿಗೆ ಡೇರಿಯಲ್ಲಿ ಫ್ಯಾಟ್ ಬೀಳುವುದು ಇದಕ್ಕೇ. ಡೇರಿಯವರನ್ನು ಬೈದು ಪ್ರಯೋಜನವಿಲ್ಲ.

ಇನ್ನು ಮೆಲುಕು. ಆಕಳು ಮೆಲುಕು ಹಾಕುವಾಗ ಸುರಿಯುವ ಜೊಲ್ಲು ದಿನಕ್ಕೆ ನೂರು ಲೀಟರಿನ ಆಸುಪಾಸು. ಅದರಲ್ಲಿ ಅಡಿಗೆ ಸೋಡಾ ಸ್ವಾಭಾವಿಕವಾಗಿಯೇ ಇದೆ. ದೊಡ್ಡ ಹೊಟ್ಟೆಯ ಹುಳಿಯನ್ನು ಹದದಲ್ಲಿಡುವುದು ಈ ಜೊಲ್ಲು. ಒರಟು ಮೇವು ಇದ್ದರೆ ಮೆಲುಕು, ಮೆಲುಕು ಇದ್ದರೆ ಜೊಲ್ಲು, ಜೊಲ್ಲು ಇದ್ದರೆ ಹದ.

ಈಗ ಇದೇ ಹೊಟ್ಟೆಗೆ ಎರಡು ಬುಟ್ಟಿ ಅನ್ನ ಬಿತ್ತೆನ್ನಿ. ಅನ್ನಕ್ಕೆ ಮೆಲುಕು ಬೇಕಿಲ್ಲ. ಪಿಷ್ಟ, ಸಕ್ಕರೆ ಕಂಡರೆ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಕೆಲವೇ ಗಂಟೆಗಳಲ್ಲಿ ಬೆಳೆದು ಲ್ಯಾಕ್ಟಿಕ್ ಆಮ್ಲ ಸುರಿಸುತ್ತವೆ. ಮೊಸರನ್ನು ಹುಳಿ ಮಾಡುವ ಆಮ್ಲ ಅದು. ಹುಳಿ ಏರಿದಂತೆ ನಾರು ಕರಗಿಸುವ ಜೀವಿಗಳು ಸಾಯುತ್ತವೆ. ಹೊಟ್ಟೆಯ ಗೋಡೆ ಸುಡುತ್ತದೆ. ಗಟ್ಟಿಯಾದ ಆ ಹುಳಿನೀರು ರಕ್ತದಲ್ಲಿದ್ದ ನೀರನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಕಾಲರಾ ರೋಗಿಯ ಹಾಗೆ ಕಣ್ಣು ಗುಳಿ ಬೀಳುವುದು ಆಗ. ನೀರು ಹೊರಗೆ ಹೋಗಿರುವುದಕ್ಕಿಂತ ಹೊಟ್ಟೆಯಲ್ಲೇ ನಿಂತಿರುವುದು ಹೆಚ್ಚು. ಕೊನೆಗೆ ಆಮ್ಲ ರಕ್ತಕ್ಕೂ ಸೇರಿ ಹೃದಯ, ಉಸಿರು ಸೋಲುತ್ತವೆ. ಆ ರಾತ್ರಿ ನಾನು ಹೇಳಿದ ಗಂಜಿ, ಸಕ್ಕರೆ ಎರಡೂ ಈ ಹುಳಿಗೆ ಸೇರಿದ ಮತ್ತಷ್ಟು ಪಿಷ್ಟ. ಇಷ್ಟೇ ಲೆಕ್ಕ.

ಕಾರಹುಣ್ಣಿಮೆಯ ಹೋಳಿಗೆ, ದೀಪಾವಳಿಯ ಕಡುಬು, ಗೃಹಪ್ರವೇಶದ ಹುಗ್ಗಿ ಎಲ್ಲಕ್ಕೂ ಈ ಲೆಕ್ಕ ಒಂದೇ. ಪೂಜೆಯ ದಿನ ಎತ್ತಿನ ಬಾಯಿಗೆ ಒಂದು ಹೋಳಿಗೆ ಕೊಟ್ಟರೆ ಏನೂ ಆಗುವುದಿಲ್ಲ, ಸಂಪ್ರದಾಯ ಬಿಡಿ ಎಂದು ನಾನು ಹೇಳುತ್ತಿಲ್ಲ. ಬುಟ್ಟಿ ಸುರಿಯಬೇಡಿ. ಉಳಿದ ಅನ್ನವನ್ನು ಅಂಗಳದ ಮೂಲೆಯಲ್ಲಿ ದನ ಬಿಚ್ಚಿಕೊಂಡು ಹೋಗುವ ಜಾಗದಲ್ಲಿಯೂ ಇಡಬೇಡಿ. ಗೋವಿನಜೋಳದ ಕಾಲದಲ್ಲಿ ಚೀಲಗಳನ್ನು ಕೊಟ್ಟಿಗೆಯ ಪಕ್ಕ ಒಟ್ಟುವ ರೂಢಿ ನಮ್ಮಲ್ಲಿದೆ. ಅದು ಕಣ್ಣಿ ಕಿತ್ತ ದನಕ್ಕೆ ವಿಷದ ಬಾವಿ ಇದ್ದಂತೆ. ತೆನೆ ಮುರಿದ ಹೊಲಕ್ಕೆ ಕುರಿ ಬಿಡುವವರೂ ಎಚ್ಚರ ವಹಿಸಬೇಕು. ನೆಲಕ್ಕೆ ಬಿದ್ದ ಕಾಳನ್ನೇ ಆಯ್ದು ತಿಂದ ಕುರಿ ಹೀಗೆಯೇ ಸಾಯುತ್ತದೆ.

ದನ ಹೆಚ್ಚು ಕಾಳೋ ಅನ್ನವೋ ತಿಂದಿದೆ ಎಂದು ಗೊತ್ತಾದರೆ ಲಕ್ಷಣ ಕಾಣುವವರೆಗೆ ಕಾಯಬೇಡಿ. ಮೆಲುಕು ನಿಲ್ಲುವುದು, ಹಲ್ಲು ಕಡಿಯುವುದು, ಎಡ ಪಕ್ಕೆ ಬಿಗಿಯುವುದು, ಹುಳಿ ವಾಸನೆಯ ತೆಳು ಸಗಣಿ, ತೂರಾಡುವ ನಡಿಗೆ ಇವು ಕಾಣುವ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತದೆ. ಮೊದಲು ಗೋದಲಿ ಖಾಲಿ ಮಾಡಿ, ಪಶುವೈದ್ಯರಿಗೆ ಹೇಳಿಕಳಿಸಿ. ೧೯೬೨ ಎಂಬ ದೂರವಾಣಿಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೌಲಭ್ಯವೂ ಇದೆ. ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಾಯಿತು ಎಂದು ಸರಿಯಾಗಿ ಹೇಳಿ. ಅವರು ಸೋಡಾ ಕೊಡುತ್ತಾರೋ, ರಕ್ತನಾಳಕ್ಕೆ ಸಲೈನ್ ಹಾಕುತ್ತಾರೋ, ಹೊಟ್ಟೆ ಕೊಯ್ದು ಅನ್ನ ತೆಗೆಯುತ್ತಾರೋ, ಅದು ಅವರ ನಿರ್ಧಾರ. ನೀವು ಮಾತ್ರ ಗೊಟ್ಟ ಹಿಡಿಯಬೇಡಿ. ನಾಲಿಗೆ ಎಳೆದು ಕತ್ತು ಎತ್ತಿ ಎಣ್ಣೆ, ಗಂಜಿ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗೆ ಹತ್ತಿದ ನ್ಯುಮೋನಿಯಾದಿಂದ ಬದುಕುವ ದನ ಕಡಿಮೆ.

ಹಾಗಾದರೆ ಕಾಳು, ಹಿಂಡಿ ಕೊಡಲೇಬಾರದೇ? ಕೊಡಬೇಕು. ಹಾಲು ಕರೆಯುವ ಆಕಳಿಗೆ ಮೈ ಕಾಯಲು ಬೇಕಾದ ಒಂದು, ಒಂದೂವರೆ ಕಿಲೋ ಬಿಟ್ಟು, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಎಮ್ಮೆಗಾದರೆ ಎರಡು ಲೀಟರಿಗೆ ಒಂದು ಕಿಲೋ ಪಶು ಆಹಾರ ಎಂಬುದು ರೂಢಿಯ ಲೆಕ್ಕ. ಜೊತೆಗೆ ದಿನಕ್ಕೆ ೩೦ರಿಂದ ೫೦ ಗ್ರಾಂ ಖನಿಜ ಮಿಶ್ರಣ, ಬೇಕೆಂದಾಗ ಕುಡಿಯಲು ನೀರು. ಹೊಸದೇನನ್ನು ಶುರು ಮಾಡುವುದಿದ್ದರೂ ಹತ್ತು ಹದಿನೈದು ದಿನಗಳಲ್ಲಿ ಒಂದೊಂದು ಹಿಡಿ ಹೆಚ್ಚಿಸುತ್ತ ಹೋಗಿ. ಹೊಟ್ಟೆಯೊಳಗಿನ ಜೀವಿಗಳಿಗೂ ಹೊಸ ಊಟ ರೂಢಿಯಾಗಲು ಅಷ್ಟು ದಿನ ಬೇಕು.

೧೯೭೪ರಲ್ಲಿ ಘೋಷಣೆಯಾದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ತೋರಿಸಿ. ಆ ಜಿಂಕೆಗಳೂ ನಿಂತು ಮೆಲುಕು ಹಾಕುತ್ತವೆ. ಅವುಗಳಿಗೆ ಹೋಳಿಗೆ ಮಾಡುವವರಿಲ್ಲ, ಅದು ಅವುಗಳ ಪುಣ್ಯ.

ಹತ್ತಿಕಾಳು ಯಾರಿಗೆ?

ದೀಪಾವಳಿ ಹತ್ತಿರ ಬಂದಂತೆ ನಮ್ಮ ಭಾಗದಲ್ಲಿ ಕೊಬ್ಬರಿ ಹೋರಿಗಳ ಮೇವಿಗೆ ರಾಜೋಪಚಾರ ಶುರುವಾಗುತ್ತದೆ. ಹುರುಳಿ, ಹಿಂಡಿ, ಹತ್ತಿಕಾಳು, ಕೆಲವರಲ್ಲಿ ಮೊಟ್ಟೆ, ಬೆಣ್ಣೆ. ಮನೆಯ ಮಕ್ಕಳಿಗೆ ಇಷ್ಟು ತಿನ್ನಿಸಿದ್ದರೆ ನನ್ನ ದವಾಖಾನೆಯಲ್ಲಿ ರಕ್ತಹೀನತೆಯವರು ಕಡಿಮೆಯಾಗುತ್ತಿದ್ದರು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಇರಲಿ.

ಹತ್ತಿಕಾಳು ಒಳ್ಳೆಯ ಮೇವೇ. ಸಸಾರಜನಕವಿದೆ, ಜಿಡ್ಡಿದೆ, ನಾರೂ ಇದೆ. ಆದರೆ ಅದರಲ್ಲಿ ಗಾಸಿಪಾಲ್ ಎಂಬ ಹಳದಿ ವಿಷವೊಂದಿದೆ. ಬೆಳೆದ ಆಕಳು, ಎಮ್ಮೆಗಳ ದೊಡ್ಡ ಹೊಟ್ಟೆ ಮಿತ ಪ್ರಮಾಣದ ಗಾಸಿಪಾಲನ್ನು ನಿಷ್ಕ್ರಿಯಗೊಳಿಸುತ್ತದೆ. ಎಳೆಗರುವಿಗೆ ಆ ಹೊಟ್ಟೆ ಇನ್ನೂ ಬೆಳೆದಿರುವುದಿಲ್ಲ. ಹಂದಿಗೆ, ಕೋಳಿಗೆ ಇಲ್ಲವೇ ಇಲ್ಲ. ಅವುಗಳ ಹೃದಯ, ಯಕೃತ್ತು ಇದರಿಂದ ಕೆಡುತ್ತವೆ. ಹತ್ತಿಕಾಳಿನ ಹಿಂಡಿ ತಿಂದ ಕೋಳಿಯ ಮೊಟ್ಟೆಯನ್ನು ಕೆಲವು ದಿನ ಇಟ್ಟು ಒಡೆದರೆ ಹಳದಿ ಭಂಡಾರ ಹಸಿರು ಕಂದಾಗಿರುತ್ತದೆ. ಮೊಟ್ಟೆ ಕೊಳೆತಿದೆ ಎಂದು ಅಂಗಡಿಯವನ ಜೊತೆ ಜಗಳಕ್ಕೆ ನಿಂತವರನ್ನು ಕಂಡಿದ್ದೇನೆ.

ಹೋರಿ ಸಾಕುವವರಿಗೆ ಇನ್ನೊಂದು ಮಾತು. ಇದೇ ಗಾಸಿಪಾಲನ್ನು ೧೯೭೦ರ ದಶಕದಲ್ಲಿ ಚೀನಾ ದೇಶದಲ್ಲಿ ಗಂಡಸರ ಸಂತಾನ ನಿಯಂತ್ರಣದ ಮಾತ್ರೆಯಾಗಿ ಸಾವಿರಾರು ಜನರ ಮೇಲೆ ಪರೀಕ್ಷಿಸಿದ್ದರು. ವೀರ್ಯಾಣು ಕಡಿಮೆಯಾದದ್ದು ನಿಜ. ಆದರೆ ರಕ್ತದ ಪೊಟ್ಯಾಸಿಯಂ ಕುಸಿಯಿತು, ಕೆಲವರಿಗೆ ಸಂತಾನಶಕ್ತಿ ಮರಳಲಿಲ್ಲ, ಹಾಗಾಗಿ ಕೈಬಿಟ್ಟರು. ಹತ್ತಿಕಾಳು ಅತಿಯಾದ ಹೋರಿಯ ವೀರ್ಯಾಣುಗಳಿಗೂ ಹಾನಿಯಾಗುತ್ತದೆ. ಬೀಜಕ್ಕೆಂದು ಇಟ್ಟ ಹೋರಿಗೆ ಕೈ ಹಿಡಿದು ಹಾಕಿ.

ಒಂದಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ನಂಜಾಗುವ ಉದಾಹರಣೆಗಳು ಇನ್ನೂ ಇವೆ. ದನದ ಖನಿಜ ಮಿಶ್ರಣದಲ್ಲಿರುವ ತಾಮ್ರ ಆಕಳಿಗೆ ಬೇಕು. ಕುರಿಯ ಯಕೃತ್ತು ತಾಮ್ರವನ್ನು ಹೊರಹಾಕುವುದರಲ್ಲಿ ಬಹಳ ಹಿಂದು. ಅದೇ ಮಿಶ್ರಣವನ್ನು ತಿಂಗಳುಗಟ್ಟಲೆ ಕುರಿಗೂ ಹಾಕಿದರೆ ತಾಮ್ರ ಕೂಡುತ್ತ ಹೋಗಿ ಒಂದು ದಿನ ರಕ್ತಕಣಗಳು ಒಡೆದು, ಮೂತ್ರ ಕೆಂಪಾಗಿ ಕುರಿ ಬೀಳುತ್ತದೆ. ಕುರಿಗೆ ಕುರಿಯ ಮಿಶ್ರಣವನ್ನೇ ತನ್ನಿ. ಕುದುರೆಗೆ ದೊಡ್ಡ ಹೊಟ್ಟೆಯಿಲ್ಲ, ನಾರು ಕರಗುವುದು ಕರುಳಿನ ಹಿಂಭಾಗದಲ್ಲಿ. ಮೇಲಾಗಿ ಅದು ವಾಂತಿ ಮಾಡಲಾರದು, ತಪ್ಪು ತಿಂದರೆ ಹೊರಹಾಕುವ ಬಾಗಿಲೇ ಇಲ್ಲ.

ಮಳೆ ಕೈಕೊಟ್ಟ ವರ್ಷ ಮಾತ್ರ ಎಲ್ಲರೂ ನೆನಪಿಡಬೇಕಾದದ್ದು ಎಳೆ ಜೋಳ. ಬಾಡಿ ಕುಳ್ಳಾದ ಜೋಳದ ಪೈರಿನಲ್ಲಿ, ಕೊಯ್ದ ಮೇಲೆ ಚಿಗುರಿದ ಕೂಳೆಯಲ್ಲಿ ಸಯನೈಡ್ ವಿಷ ಹುಟ್ಟುವ ಅಂಶ ಹೆಚ್ಚು. ಹಸಿದ ದನ ನುಗ್ಗಿ ತಿಂದರೆ ನಿಮಿಷಗಳಲ್ಲಿ ಏದುಸಿರು ಬಿಟ್ಟು ಬೀಳಬಹುದು. ಹೂ ಬಿಡುವ ಮೊದಲು ಜೋಳಕ್ಕೆ ದನ ಬಿಡಬೇಡಿ. ಬಿದ್ದ ದನಕ್ಕೆ ಪಶುವೈದ್ಯರಲ್ಲಿ ಚುಚ್ಚುಮದ್ದಿದೆ, ತಲುಪಿದರೆ.

ಬೂಷ್ಟು ಹಿಡಿದ ಕಾಳು

ಇಲ್ಲಿಂದ ವಿಷಯ ನನ್ನ ವೈದ್ಯಕೀಯಕ್ಕೂ ಸೇರಿದ್ದು. ಹಾವೇರಿ, ರಾಣೆಬೆನ್ನೂರು ಕಡೆ ಗೋವಿನಜೋಳ ಕೊಯ್ಲಿಗೆ ಬಂದಾಗ ಹಿಂಗಾರು ಮಳೆ ಬೀಳುವುದುಂಟು. ರಸ್ತೆಯ ಮೇಲೆ ಹರವಿದ ಕಾಳು ನೆನೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಪೇಟೆಯಲ್ಲಿ ಅದಕ್ಕೆ ದರ ಸಿಗುವುದಿಲ್ಲ. "ದನಕ್ಕಾತು ಬಿಡ್ರಿ" ಎಂದು ಮನೆಗೆ ತರುತ್ತಾರೆ.

ಆ ಹಸಿರು ಹಳದಿ ಬೂಷ್ಟು ಮಾಡುವ ವಿಷದ ಹೆಸರು ಅಫ್ಲಾಟಾಕ್ಸಿನ್. ಜಗತ್ತಿಗೆ ಇದು ತಿಳಿದದ್ದೇ ಪ್ರಾಣಿಗಳಿಂದ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಏಕೆಂದು ತಿಳಿಯದೆ ಸತ್ತವು. ಹುಡುಕಿದಾಗ ಬ್ರೆಜಿಲ್‌ನಿಂದ ತರಿಸಿದ ಬೂಷ್ಟು ಹಿಡಿದ ಶೇಂಗಾ ಹಿಂಡಿ ಸಿಕ್ಕಿತು. ನಮ್ಮ ದೇಶದಲ್ಲೇ ೧೯೭೪ರಲ್ಲಿ ಗುಜರಾತ್, ರಾಜಸ್ಥಾನಗಳ ಗಡಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಗೋವಿನಜೋಳ ಉಂಡು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ ತೀರಿಕೊಂಡರು. ಅದೇ ಮನೆಗಳ ಊಟ ತಿನ್ನುತ್ತಿದ್ದ ನಾಯಿಗಳಿಗೂ ಅದೇ ರೋಗ ಬಂದಿತ್ತು. ಮನೆಯ ನಾಯಿ ಕಾರಣವಿಲ್ಲದೆ ಹಳದಿಯಾದರೆ, ಕೋಳಿಗಳು ಒಂದೊಂದಾಗಿ ಬಾಡಿದರೆ, ಕಾಳಿನ ಚೀಲಕ್ಕೆ ಕೈ ಹಾಕಿ ನೋಡಿ ಎಂದು ನಾನು ಹೇಳುವುದು ಇದಕ್ಕೇ.

ಆಕಳು ಈ ವಿಷವನ್ನು ಸಾಕಷ್ಟು ಸಹಿಸುತ್ತದೆ, ತಕ್ಷಣ ಸಾಯುವುದಿಲ್ಲ. ತೊಂದರೆ ಅಲ್ಲಿಯೇ ಇದೆ. ವಿಷದ ಒಂದು ಪಾಲು ಸ್ವಲ್ಪ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೆ ಅದು ನಾಶವಾಗುವುದಿಲ್ಲ, ಹೆಪ್ಪು ಹಾಕಿದರೂ ಹೋಗುವುದಿಲ್ಲ. ದಿನಕ್ಕೆ ಎರಡು ಲೋಟ ಹಾಲು ಕುಡಿಯುವುದು ಮನೆಯ ಚಿಕ್ಕ ಮಗು. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಒಂದು ಕಿಲೋ ಹಾಲಿನಲ್ಲಿ ಈ ವಿಷ ಅರ್ಧ ಮೈಕ್ರೋಗ್ರಾಂ ಮೀರಬಾರದು. ಅಂದರೆ ಒಂದು ಗ್ರಾಮಿನ ಇಪ್ಪತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಕಟ್ಟುನಿಟ್ಟು ಏಕೆಂದರೆ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾದದ್ದು. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಅಪಾಯ ಹಲವು ಪಟ್ಟು.

ಆದ್ದರಿಂದ ಕಾಳನ್ನು ಹಲ್ಲಿನಿಂದ ಕಡಿದರೆ ಕಟ್ ಎಂದು ಒಡೆಯುವಷ್ಟು ಒಣಗಿಸಿ. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಒಟ್ಟಿ. ಬೂಷ್ಟು ಹಿಡಿದ ಕಾಳನ್ನು ತೊಳೆದು, ಒಣಗಿಸಿ, ಹಿಟ್ಟು ಮಾಡಿ ಕೋಳಿಗೆ ಹಾಕುವ ಜಾಣತನ ಬೇಡ. ಬೂಷ್ಟು ತೊಳೆದು ಹೋಗಬಹುದು, ವಿಷ ಹೋಗುವುದಿಲ್ಲ. ಒಂದು ಚೀಲ ಕಾಳು ಮಣ್ಣುಪಾಲಾಗುವಾಗ ರೈತನ ಕರುಳು ಚುರ್ ಎನ್ನುವುದು ನನಗೆ ಗೊತ್ತು. ಆದರೂ ಹೇಳಲೇಬೇಕು.

ಬ್ಯಾಡಗಿ ಮೆಣಸಿನಕಾಯಿ ತಿಂದ ಕೋಳಿ

ಕೋಳಿಗೆ ಹಲ್ಲಿಲ್ಲ. ಅದು ನುಂಗಿದ ಸಣ್ಣ ಹರಳುಗಳೇ ಒಳಗೆ ಬೀಸುವ ಕಲ್ಲು. ಹಾಗಾಗಿ ಸಿಮೆಂಟು ನೆಲದಲ್ಲಿ ಕೂಡಿಹಾಕಿದ ನಾಟಿ ಕೋಳಿಗೆ ಹರಳು ಕೊಡಬೇಕು. ಇನ್ನು ಸುಣ್ಣದಂಶ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಇದೆ. ಬೆಳೆದ ಹೆಣ್ಣುಮಗಳಿಗೆ ದಿನಕ್ಕೆ ಬೇಕಾದದ್ದು ಒಂದು ಗ್ರಾಂ. ಒಂದೂವರೆ ಕಿಲೋ ತೂಗುವ ಕೋಳಿ ಪ್ರತಿ ಮೊಟ್ಟೆಗೂ ಅದರ ಇಮ್ಮಡಿ ಹೊರಗೆ ಹಾಕುತ್ತದೆ. ನುಚ್ಚಿನಲ್ಲಿ ಅದು ಸಿಗುವುದಿಲ್ಲ. ಪುಡಿ ಮಾಡಿದ ಕಪ್ಪೆಚಿಪ್ಪು ಇಡಿ, ಇಲ್ಲವೇ ಮೊಟ್ಟೆಯ ಚಿಪ್ಪನ್ನೇ ಹುರಿದು ಪುಡಿ ಮಾಡಿ ಕೊಡಿ. ಇಡಿ ಚಿಪ್ಪು ಹಾಕಿದರೆ ತನ್ನ ಮೊಟ್ಟೆಯನ್ನೇ ಕುಕ್ಕಲು ಕಲಿಯುತ್ತದೆ.

ಬ್ಯಾಡಗಿಯ ಓದುಗರು ಮೆಚ್ಚುವ ಸಂಗತಿಯೊಂದಿದೆ. ಹಕ್ಕಿಗಳಿಗೆ ಖಾರ ತಿಳಿಯುವುದಿಲ್ಲ. ಖಾರ ತಾಗಿದರೆ ಉರಿ ಎಂದು ಮಿದುಳಿಗೆ ಸುದ್ದಿ ಕಳಿಸುವ ನರದ ಗ್ರಾಹಿಯನ್ನು ೧೯೯೭ರಲ್ಲಿ ಗುರುತಿಸಿದವರು ಅಮೆರಿಕದ ಡೇವಿಡ್ ಜೂಲಿಯಸ್. ೨೦೨೧ರಲ್ಲಿ ನೊಬೆಲ್ ಪಡೆದ ಇಬ್ಬರಲ್ಲಿ ಅವರೊಬ್ಬರು. ಅದೇ ಗ್ರಾಹಿ ಕೋಳಿಯಲ್ಲೂ ಇದೆ, ಆದರೆ ಖಾರಕ್ಕೆ ಮಿಡಿಯುವುದಿಲ್ಲ. ಗಿಳಿ ಮೆಣಸಿನಕಾಯಿಯನ್ನು ಸಿಹಿ ತಿಂಡಿಯಂತೆ ಮೆಲ್ಲುವುದು ಇದರಿಂದ. ೨೦೧೧ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹೆಸರಿರುವುದೇ ಬಣ್ಣಕ್ಕೆ. ಆ ಕೆಂಪು ಕೋಳಿಯ ಮೇವಿಗೆ ಸೇರಿದರೆ ಮೊಟ್ಟೆಯ ಭಂಡಾರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹಾಗೆಂದು ಕಡು ಬಣ್ಣದ ಮೊಟ್ಟೆಗೆ ಹೆಚ್ಚು ಹಣ ಕೊಡಬೇಕಿಲ್ಲ. ಅದರ ಸಸಾರಜನಕ ಎಲ್ಲ ಮೊಟ್ಟೆಯಷ್ಟೇ.

ಬೆಕ್ಕು, ನಾಯಿ

ಸಸ್ಯಾಹಾರಿ ಮನೆಯ ಬೆಕ್ಕು ಹಾಲು ಅನ್ನ ಉಂಡು ದುಂಡಗಿರುವುದನ್ನು ತೋರಿಸಿ, ಅದಕ್ಕೆ ಮಾಂಸ ಬೇಡ ಎನ್ನುವವರಿದ್ದಾರೆ. ಅದು ರಾತ್ರಿ ಇಲಿ ಹಿಡಿಯುವುದು ಅವರಿಗೆ ಕಾಣುವುದಿಲ್ಲ. ಟಾರಿನ್ ಎಂಬ ಅಂಶವನ್ನು ನಮ್ಮ ದೇಹ ತಾನೇ ಮಾಡಿಕೊಳ್ಳುತ್ತದೆ, ಬೆಕ್ಕು ಬೇಕಾದಷ್ಟು ಮಾಡಿಕೊಳ್ಳಲಾರದು. ಅದಿರುವುದು ಮಾಂಸ, ಮೀನುಗಳಲ್ಲಿ. ಟಾರಿನ್ ಇಲ್ಲದ ಬೆಕ್ಕಿಗೆ ಕಣ್ಣಿನ ಪರದೆ ಸವೆಯುತ್ತದೆ, ಹೃದಯ ಊದಿ ಸಡಿಲಾಗುತ್ತದೆ. ಗಜ್ಜರಿಯ ಹಳದಿಯಿಂದ ಎ ಜೀವಸತ್ವ ತಯಾರಿಸುವುದೂ ಅದಕ್ಕೆ ಬಾರದು. ಈಗ ಹಾವೇರಿಯಲ್ಲೂ ಮಹಡಿ ಮನೆಗಳಲ್ಲಿ ಬಾಗಿಲು ಹಾಕಿ ಬೆಕ್ಕು ಸಾಕುವವರಿದ್ದಾರೆ. ಇಲಿಯೂ ಇಲ್ಲ, ಮಾಂಸವೂ ಇಲ್ಲ ಎಂದರೆ ಅದು ನಿಧಾನವಾದ ಉಪವಾಸ. ನಿಮ್ಮ ಮನೆಗೆ ಮಾಂಸ ನಿಷಿದ್ಧವಾದರೆ ಟಾರಿನ್ ಸೇರಿಸಿದ ಬೆಕ್ಕಿನ ಆಹಾರ ತನ್ನಿ. ಅದೂ ಆಗದಿದ್ದರೆ ಬೆಕ್ಕು ತರಬೇಡಿ. ಕಟುವಾಗಿ ಹೇಳಿದೆ ಎನಿಸಿದರೆ ಕ್ಷಮಿಸಿ.

ನಾಯಿ ಹಾಗಲ್ಲ. ಮನುಷ್ಯನ ಜೊತೆ ಸಾವಿರಾರು ವರ್ಷ ಉಂಡು ಉಂಡು ಅದರ ದೇಹ ಪಿಷ್ಟ ಜೀರ್ಣಿಸಲು ಕಲಿತಿದೆ. ಪಿಷ್ಟ ಒಡೆಯುವ ಕಿಣ್ವದ ವಂಶವಾಹಿಗಳು ತೋಳಕ್ಕಿಂತ ನಾಯಿಯಲ್ಲಿ ಹಲವು ಪಟ್ಟು ಹೆಚ್ಚೆಂದು ೨೦೧೩ರಲ್ಲಿ ತಿಳಿಯಿತು. ಹಾಗಾಗಿ ರೊಟ್ಟಿ ಅರಗುತ್ತದೆ. ಆದರೆ ರೊಟ್ಟಿ ಹಾಲು ಮಾತ್ರ ಸಾಲದು, ಮೊಟ್ಟೆಯೋ ಮಾಂಸವೋ ಬೇಕು. ದೊಡ್ಡ ಜಾತಿಯ ಮರಿಗೆ ಬರೀ ಅನ್ನ, ಎಲುಬಿಲ್ಲದ ಮಾಂಸ ಹಾಕಿದರೆ ಕಾಲು ಬಿಲ್ಲಾಗಿ ಬಾಗುತ್ತವೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ, ಹುಗ್ಗಿಯಲ್ಲಿ ಅದಿರುತ್ತದೆ ಎಂಬುದು ನೆನಪಿರಲಿ. ಮಕ್ಕಳ ಕೈಯ ಚಾಕೊಲೇಟು ಬೇಡ. ಬೇಯಿಸಿದ ಕೋಳಿ ಎಲುಬು ಚೂರಾಗಿ ಕರುಳಿಗೆ ಚುಚ್ಚುತ್ತದೆ.

ಗಿಣ್ಣದ ಡಬ್ಬಿ

ಮತ್ತೆ ಆ ತಾಯಿಯ ವಿಷಯ. ಗೌರಿ ಸತ್ತ ಕೆಲವು ತಿಂಗಳ ಮೇಲೆ ಅವರು ತವರಿನಿಂದ ಒಂದು ಗಬ್ಬದ ಆಕಳು ತಂದರು. ಈ ಸಲ ಮುನ್ನವೇ ಕೇಳಲು ಬಂದರು: "ಈದ ಮ್ಯಾಲೆ ಏನ್ ಹಾಕಬೇಕ್ರಿ, ಏನ್ ಹಾಕಬಾರದ್ರಿ?" ನಾನು ಪಶುವೈದ್ಯ ಮಿತ್ರರ ಬಳಿ ಕಳಿಸಿದೆ. ಅವರು ಎರಡು ಮಾತು ಹೇಳಿದರಂತೆ. ಒಂದು, ಈದ ಒಂದೆರಡು ದಿನದಲ್ಲಿ ಆಕಳು ತೂರಾಡಿ, ಕುತ್ತಿಗೆ ತಿರುಗಿಸಿ ಮಲಗಿ, ಕಿವಿ ತಣ್ಣಗಾದರೆ ಅದು ಹಾಲು ಜ್ವರ. ಹೆಸರು ಜ್ವರ, ಮೈ ಮಾತ್ರ ತಣ್ಣಗೆ. ರಕ್ತದ ಕ್ಯಾಲ್ಸಿಯಂ ಏಕಾಏಕಿ ಹಾಲಿಗೆ ಹರಿದುಹೋಗಿ ಹೀಗಾಗುತ್ತದೆ. ಗಂಜಿಯಿಂದಲ್ಲ, ರಕ್ತನಾಳಕ್ಕೆ ಕೊಡುವ ಕ್ಯಾಲ್ಸಿಯಂನಿಂದ ಏಳುತ್ತದೆ. ಮುನ್ನೆಚ್ಚರಿಕೆ ಎಂದು ಈಯುವ ಮೊದಲೇ ಕ್ಯಾಲ್ಸಿಯಂ ಬಾಟಲಿಗಳನ್ನು ಕುಡಿಸಿದರೆ, ಎಲುಬಿನಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ರೂಢಿ ದೇಹಕ್ಕೆ ತಪ್ಪಿ ತೊಂದರೆ ಹೆಚ್ಚುತ್ತದೆ.

ಎರಡನೆಯದು ಗಿಣ್ಣ. ನಮ್ಮ ಮಗು ಹುಟ್ಟುವಾಗಲೇ ತಾಯಿಯ ರೋಗನಿರೋಧಕ ಕಣಗಳನ್ನು ಕರುಳಬಳ್ಳಿಯ ಮೂಲಕ ಪಡೆದು ಬರುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಅದು ಬರಿಗೈಯಲ್ಲಿ ಹುಟ್ಟುತ್ತದೆ. ತಾಯಿ ಅದಕ್ಕೆ ಕೊಡುವ ರಕ್ಷಣೆಯೆಲ್ಲ ಮೊದಲ ಹಾಲಿನಲ್ಲಿದೆ. ಆ ಕಣಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವ ಕರುವಿನ ಕರುಳಿನ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತ ಹೋಗಿ ಒಂದು ದಿನದಲ್ಲಿ ಪೂರ್ತಿ ಮುಚ್ಚುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಸಲ, ಒಂದು ದಿನದೊಳಗೆ ಅದರ ತೂಕದ ಹತ್ತನೇ ಒಂದು ಪಾಲು ಗಿಣ್ಣ ಹೊಟ್ಟೆ ಸೇರಬೇಕು. ಇಪ್ಪತ್ತೈದು ಕಿಲೋ ಕರುವಿಗೆ ಎರಡೂವರೆ ಲೀಟರ್. ಸತ್ತೆ ಬೀಳಲಿ ಎಂದು ಕಾಯುವುದು, ಬೀಗರಿಗೆ ಗಿಣ್ಣ ಕಳಿಸಿ ಉಳಿದರೆ ಕರುವಿಗೆ ಎನ್ನುವುದು, ಇವೆರಡರಿಂದಲೇ ಭೇದಿಯಾಗಿ ಸಾಯುವ ಕರುಗಳು ಎಷ್ಟೋ.

ಹೋದ ತಿಂಗಳು ಆ ಆಕಳು ಈದಿತು, ಹೆಣ್ಣುಗರು. ವಾರ ಕಳೆದು ಆ ತಾಯಿ ಒತ್ತಡ ನೋಡಿಸಿಕೊಳ್ಳಲು ಬಂದರು. ೧೩೪ ಇತ್ತು. ಚೀಲದಿಂದ ಸ್ಟೀಲಿನ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಬೆಲ್ಲ, ಏಲಕ್ಕಿ ಹಾಕಿ ಮಾಡಿದ ಗಿಣ್ಣ. ನಾನು ಮುಖ ನೋಡಿದೆ.

"ಮೂರನೇ ದಿನದ್ದರಿ ಸಾಹೇಬ್ರ," ಎಂದರು. "ಫ್ರಿಜ್‌ನ್ಯಾಗ ಇಟ್ಟಿದ್ದೆ. ಮೊದಲನೇ ಎರಡು ದಿನದ್ದು ಎಲ್ಲಾ ಕರಾನ ಕುಡದೈತಿ."